ನೀಲಕ್ಕನ ಚೂಡಿದಾರ

ಹೋದ ತಿಂಗಳು ಬದಾಮಿಯಲ್ಲಿ ತಂಗಿಯ ಮಗನ ಮದುವೆ. ಅಕ್ಷತೆಗೆ ಇನ್ನು ಹತ್ತು ನಿಮಿಷವಿದೆ ಎನ್ನುವಾಗ ಮದುಮಗಳ ಕೋಣೆಯಿಂದ ಒಂದು ಕೂಗು ಬಂತು. "ಯಾರ ಹತ್ರರ ಪಿನ್ನ ಅದಾವೇನ್ರೀ? ಸೆರಗು ನಿಂದ್ರವಲ್ದು!" ಹೆಂಗಸರೆಲ್ಲ ತಮ್ಮ ತಮ್ಮ ಬಳೆ, ತಾಳಿಸರ ತಡಕಾಡುತ್ತಿದ್ದರು. ನಾನು ನನ್ನ ಕೈಚೀಲದೊಳಗೆ ಕೈ ಹಾಕಿದೆ. ಮೊದಲು ಶೇಂಗಾ ಚಿಕ್ಕಿಯ ಚೂರು ಬಂತು, ಆಮೇಲೆ ಸೀಮೆಸುಣ್ಣದ ತುಂಡು, ಅದರ ಹಿಂದೆ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸೇಫ್ಟಿ ಪಿನ್ನುಗಳ ಮೊಳದುದ್ದದ ಸರ. ಹಾವಾಡಿಗನ ಬುಟ್ಟಿಯಿಂದ ಹಾವು ಬಂದ ಹಾಗೆ ಅದು ಬರುತ್ತಲೇ ಇತ್ತು. ಮದುಮಗಳಿಗೆ ಸಿಂಗಾರ ಮಾಡಲು ಬಂದಿದ್ದ ಹುಡುಗಿ ಬಾಯಿ ತೆರೆದು ನೋಡಿದಳು.

"ಆಂಟಿ, ನಿಮ್ದೂ ಬ್ಯೂಟಿ ಪಾರ್ಲರ್ ಐತೇನ್ರಿ?"

"ಇಲ್ಲವ್ವಾ," ಎಂದೆ. "ಶಿಸ್ತು ಸಮಿತಿ."

ಅವಳಿಗೆ ಏನು ತಿಳಿಯಿತೋ ಬಿಟ್ಟಿತೋ, ಆರು ಪಿನ್ನು ಬಿಚ್ಚಿಕೊಂಡು ಒಳಗೆ ಓಡಿದಳು. ನಾನು ಮಾತ್ರ ಉಳಿದ ಸರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುರ್ಚಿಯ ಮೇಲೆ ಕೂತುಬಿಟ್ಟೆ. ಮಂಟಪದಲ್ಲಿ ವಾಲಗ ಶುರುವಾಗಿತ್ತು. ನನ್ನ ಮನಸ್ಸು ಹುನಗುಂದದ ನಮ್ಮ ಕಾಲೇಜಿನ ಗೇಟಿಗೆ ಹೋಗಿ ನಿಂತಿತ್ತು.

ನಾನು ಅಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆ ಇಳಕಲ್ಲಿನಲ್ಲಿ, ದಿನಾ ಬಸ್ಸಿಗೆ ಹೋಗಿ ಬರುತ್ತೇನೆ. ಹೋದ ವರ್ಷದ ಆರಂಭದಲ್ಲಿ ಒಂದು ದಿನ ಜ್ವರ ಬಂದು ರಜೆ ಹಾಕಿದ್ದೆ. ಅದೇ ದಿನ ಅಧ್ಯಾಪಕರ ಸಭೆ ನಡೆದು ಸಮಿತಿಗಳೆಲ್ಲ ಹಂಚಿಕೆಯಾದವು. ಊರ ಊಟದಲ್ಲಿ ತಡವಾಗಿ ಬಂದವರ ಪಾಲಿಗೆ ಏನು ಉಳಿದಿರುತ್ತದೆಂದು ನಿಮಗೆ ಗೊತ್ತಿದೆ. ಗ್ರಂಥಾಲಯ ಸಮಿತಿ, ಸಾಂಸ್ಕೃತಿಕ ಸಮಿತಿ, ಪ್ರವಾಸ ಸಮಿತಿ ಎಲ್ಲ ಖಾಲಿ. ನನ್ನ ಪಾಲಿಗೆ ಉಳಿದದ್ದು "ವಸ್ತ್ರಸಂಹಿತೆ ಮತ್ತು ಶಿಸ್ತು". ಸಂಚಾಲಕಿ ನಾನೇ, ಸದಸ್ಯೆಯೂ ನಾನೇ.

ನಮ್ಮ ಪ್ರಾಂಶುಪಾಲರು ಅರ್ಥಶಾಸ್ತ್ರದವರು, ಮೆತ್ತಗಿನ ಮನುಷ್ಯರು, ಇರುವೆ ಕಂಡರೂ ದಾಟಿ ಹೋಗುವವರು. ಆದರೆ ನೋಟಿಸು ಬರೆಯಲು ಕೂತರೆ ಬೇರೆಯೇ ಆಗಿಬಿಡುತ್ತಾರೆ. ಅವರ ನೋಟಿಸಿನ ಪ್ರಕಾರ ಹುಡುಗರು ಆಕಾಶನೀಲಿ ಅಂಗಿ, ಕಡುನೀಲಿ ಪ್ಯಾಂಟು ತೊಡಬೇಕು. ಅಂಗಿಯನ್ನು ಒಳಗೆ ಸೇರಿಸಿ ಬೆಲ್ಟು ಕಟ್ಟಬೇಕು. ಜೀನ್ಸ್ ಕೂಡದು, ಮೊಣಕಾಲಲ್ಲಿ ಹರಿದ ಜೀನ್ಸಂತೂ ಕೂಡಲೇ ಕೂಡದು. ಹುಡುಗಿಯರು ಅದೇ ಬಣ್ಣದ ಚೂಡಿದಾರ ತೊಟ್ಟು, ವೇಲನ್ನು ನಿರಿಗೆ ಹಿಡಿದು ಎರಡೂ ಹೆಗಲಿಗೆ ಪಿನ್ನು ಹಾಕಬೇಕು. ಅಧ್ಯಾಪಕರು ಎದುರಾದಾಗ ನಿಂತು ನಮಸ್ಕರಿಸಬೇಕು. ಇದಿಷ್ಟೂ ಗೇಟಿನ ಪಕ್ಕದ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸಲಾಯಿತು. ಹಲಗೆಯ ಕೆಳಗೆ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಒಂದು ರಿಜಿಸ್ಟರು ಹಿಡಿದು ನಾನು.

ನಮಸ್ಕಾರದ ನಿಯಮವನ್ನು ನಮ್ಮ ಹುಡುಗರು ಅಕ್ಷರಶಃ ಪಾಲಿಸಿದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ, ಯಾವಾಗ ಕಂಡರೂ "ಗುಡ್ ಮಾರ್ನಿಂಗ್ ಮೇಡಮ್." ನಾನು ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಒಬ್ಬ ಹಿಂದಿನಿಂದ ಬಂದು ಗುಡ್ ಮಾರ್ನಿಂಗ್ ಹೇಳಿ ಬದನೆಕಾಯಿ ಬೀಳಿಸಿದ. ಬೆಲ್ಟಿನ ವಿಷಯದಲ್ಲೂ ಅಂಥದೇ ಭಕ್ತಿ. ಮೊದಲ ವಾರ ಒಬ್ಬ ಹುಡುಗನೂ ಬೆಲ್ಟಿಲ್ಲದೆ ಸಿಗಲಿಲ್ಲ. ನನ್ನ ಆಡಳಿತ ಇಷ್ಟು ಬೇಗ ಯಶಸ್ವಿಯಾಯಿತಲ್ಲ ಎಂದು ನಾನು ಮನೆಯಲ್ಲಿ ಗಂಡನ ಮುಂದೆ ಜಂಬ ಕೊಚ್ಚಿಕೊಂಡೆ. ಎಂಟನೆಯ ದಿನ ನನಗೊಂದು ಅನುಮಾನ ಬಂತು. ಎಲ್ಲರ ಬೆಲ್ಟಿನ ಬಕ್ಕಲ್ಲೂ ಒಂದೇ ಮೂಲೆಯಲ್ಲಿ ಮುರಿದಿದೆ! ಕಂಪೌಂಡ್ ಗೋಡೆಯ ಕಡೆ ತಿರುಗಿ ನೋಡಿದರೆ ಒಳಗಿನಿಂದ ಬೆಲ್ಟೊಂದು ಗಾಳಿಯಲ್ಲಿ ಹಾರಿ ಹೊರಗೆ ಹೋಗುತ್ತಿತ್ತು. ಒಬ್ಬ ಒಳಗೆ ಬಂದ ಕೂಡಲೇ ಬಿಚ್ಚಿ ಗೋಡೆಯಾಚೆ ಎಸೆಯುವುದು, ಅದನ್ನು ಇನ್ನೊಬ್ಬ ಕಟ್ಟಿಕೊಂಡು ಗೇಟಿಗೆ ಬರುವುದು. ಇಡೀ ಬಿ.ಎ. ಮೊದಲ ವರ್ಷಕ್ಕೆ ಒಂದೇ ಬೆಲ್ಟು.

ಆ ಬೆಲ್ಟಿನ ಮಾಲೀಕ ಮಲ್ಲು. ಹೆಸರು ಮಲ್ಲಿಕಾರ್ಜುನ, ಕಡ್ಡಿಯಂಥ ಹುಡುಗ, ಬಾಯಿ ಮಾತ್ರ ಮೈಕಿನಂಥದು. ಹಿಡಿದು ನಿಲ್ಲಿಸಿ ಕೇಳಿದೆ.

"ಏನಲೇ ಇದು?"

"ಮೇಡಮ್, ಬೋರ್ಡಿನ ಮ್ಯಾಲ ಬೆಲ್ಟ್ ಕಟ್ಟಬೇಕು ಅಂತ ಐತ್ರಿ. ಪ್ರತಿಯೊಬ್ಬಗೂ ಒಂದೊಂದ ಬೆಲ್ಟ್ ಅಂತ ಎಲ್ಲಿ ಬರದೀರಿ?"

ಭಾಷೆಯ ವಿಷಯದಲ್ಲಿ ಅವನು ಹೇಳಿದ್ದು ಸರಿಯಾಗಿತ್ತು. ಕನ್ನಡದ ಅಧ್ಯಾಪಕಿಯಾಗಿ ನಾನು ಅವನನ್ನು ಬಿಟ್ಟು ಕಳಿಸಿದೆ.

ನಿಜ ಹೇಳಬೇಕೆಂದರೆ ಇನ್ನೊಬ್ಬರ ಬಟ್ಟೆ ನೋಡಿ ತಪ್ಪು ಹಿಡಿಯುವ ಯೋಗ್ಯತೆ ನನಗೆ ಇರಲಿಲ್ಲ. ನಾನು ಹುಟ್ಟಿದ್ದು ನೇಕಾರರ ಓಣಿಯಲ್ಲಿ. ಎರಡೂ ಸಾಲಿನ ಮನೆಗಳಲ್ಲಿ ಕುಣಿಮಗ್ಗಗಳು. ಬೆಳಗಾದರೆ ಲಟಕ್ ಪಟಕ್ ಎನ್ನುವ ಸದ್ದು. ನಮಗೆ ಅದು ಸದ್ದೇ ಅಲ್ಲ, ನಿಂತಾಗ ಮಾತ್ರ ಕೇಳಿಸುತ್ತಿತ್ತು. ಮಗ್ಗ ನಿಂತಿತೆಂದರೆ ಎಳೆ ಹರಿದಿರಬೇಕು, ಇಲ್ಲವೇ ಯಾರಾದರೂ ಬೀಗರು ಬಂದಿರಬೇಕು. ಊರಿಗೆಲ್ಲ ಸೀರೆ ನೇಯುವ ಮನೆಯ ಹುಡುಗಿಯಾಗಿ ನನಗೆ ಸೀರೆಯೆಂದರೆ ತಾತ್ಸಾರ. ಕಾಲೇಜಿಗೆ ಸೇರಿದ ವರ್ಷ ಅವ್ವನನ್ನು ಕಾಡಿ ಬೇಡಿ, ಎರಡು ದಿನ ಊಟ ಬಿಟ್ಟು, ಬಾಗಲಕೋಟೆಯಿಂದ ಒಂದು ಚೂಡಿದಾರ ತರಿಸಿಕೊಂಡೆ. ಗುಲಾಬಿ ಬಣ್ಣ, ಎದೆಯ ಮೇಲೆ ಕನ್ನಡಿ ಚೂರು. ನಮ್ಮ ಓಣಿಗೆ ಬಂದ ಮೊದಲ ಚೂಡಿದಾರ ಅದು.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಅಡುಗೆಮನೆಯ ಕಡೆ ಕೂಗಿದಳು. "ಏ, ನಿನ್ನ ಮಗಳು ಅವರಪ್ಪನ ಪೈಜಾಮಾ ಹಾಕ್ಕೊಂಡಾಳ ನೋಡ ಬಾ! ಮ್ಯಾಲ ಜುಬ್ಬಾನೂ ಐತಿ!"

ನಾನು ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ಓಣಿಗಿಳಿದೆ. ಮೊದಲ ಮನೆಯ ಮಗ್ಗ ನಿಂತಿತು. ಎರಡನೆಯದು ನಿಂತಿತು. ಮೂರನೆಯದೂ ನಿಂತಿತು. ನಾನು ಹೆಜ್ಜೆ ಹಾಕಿದಂತೆಲ್ಲ ಒಂದೊಂದೇ ಮನೆ ಸುಮ್ಮನಾಗುತ್ತ, ನನ್ನ ಹಿಂದೆ ಮೌನ ಬಾಲದ ಹಾಗೆ ಬರುತ್ತ, ಓಣಿಯ ತುದಿ ಮುಟ್ಟುವಷ್ಟರಲ್ಲಿ ಇಡೀ ಓಣಿಯೇ ಉಸಿರು ಹಿಡಿದಿತ್ತು. ಕಿಟಕಿಗಳಲ್ಲಿ ಕಣ್ಣು. ನನಗೆ ಆ ಕನ್ನಡಿ ಚೂರುಗಳನ್ನೆಲ್ಲ ಅಲ್ಲೇ ಕಿತ್ತೊಗೆದು ಓಡಿಹೋಗಬೇಕೆನ್ನಿಸಿತು. ಓಡಲಿಲ್ಲ. ಮರುದಿನವೂ ಅದನ್ನೇ ತೊಟ್ಟು ಹೋದೆ, ಯಾಕೆಂದರೆ ಬೇರೆ ಚೂಡಿದಾರ ಇರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಮಗ್ಗಗಳಿಗೆ ಅಭ್ಯಾಸವಾಯಿತು. ಈಗ ನೋಡಿದರೆ ನಾನು ದಿನಾ ಇಳಕಲ್ ಸೀರೆಯನ್ನೇ ಉಟ್ಟು ಕಾಲೇಜಿಗೆ ಹೋಗುತ್ತೇನೆ, ಅಣ್ಣ ನೇಯ್ದದ್ದು. ವಯಸ್ಸು ಮನುಷ್ಯರನ್ನು ಹೀಗೆ ತಿರುಗಿಸಿ ಉಡಿಸುತ್ತದೆ.

ಇರಲಿ, ನಾನು ಹೇಳಹೊರಟದ್ದು ನೀಲಕ್ಕನ ವಿಷಯ.

ಆ ವರ್ಷ ಬಿ.ಎ. ಮೊದಲ ವರ್ಷದ ತರಗತಿಯೊಳಗೆ ಒಂದು ಬೆಳಿಗ್ಗೆ ಹಸಿರು ಇಳಕಲ್ ಸೀರೆ ಉಟ್ಟು, ಕೆಂಪು ಸೆರಗು ತಲೆತುಂಬ ಹೊದ್ದ ನಲವತ್ತು ದಾಟಿದ ಹೆಂಗಸೊಬ್ಬಳು ಬಂದಳು. ಎಪ್ಪತ್ತು ಹುಡುಗ ಹುಡುಗಿಯರು ದಡಕ್ಕನೆ ಎದ್ದು ನಿಂತು ಒಕ್ಕೊರಲಿನಿಂದ "ಗುಡ್ ಮಾರ್ನಿಂಗ್ ಮೇಡಮ್" ಎಂದರು. ಆಕೆ ಗಾಬರಿಯಾಗಿ ಹಿಂದಕ್ಕೆ ತಿರುಗಿ ನೋಡಿ, ಹಿಂದೆ ಯಾರೂ ಇಲ್ಲದ್ದು ಕಂಡು, ಮೂರನೆಯ ಬೆಂಚಿನ ತುದಿಗೆ ಹೋಗಿ ಕೂತಳು. ಎಪ್ಪತ್ತು ಜನ ಇನ್ನೂ ನಿಂತೇ ಇದ್ದರು. ನಾನು ಒಳಗೆ ಬಂದದ್ದು ಆಗ. ನನ್ನನ್ನು ಕಂಡು ಆಕೆ ಎದ್ದಳು. ಅವಳು ಎದ್ದದ್ದು ಕಂಡು ಉಳಿದವರಿಗೆ ಕೂಡಬೇಕೋ ನಿಲ್ಲಬೇಕೋ ತಿಳಿಯದೆ ಅರ್ಧ ಜನ ಕೂತರು, ಅರ್ಧ ಜನ ನಿಂತರು.

"ನೀವು ಯಾರ ತಾಯಿ ರಿ?" ಎಂದು ಕೇಳಿದೆ.

"ಇಲ್ರಿ ಅಕ್ಕೋರ," ಎಂದಳು. "ನಾನ ಬಂದೇನಿ. ನಂದ ಅಡ್ಮಿಷನ್ ಆಗೇತಿ."

ಹೆಸರು ನೀಲವ್ವ. ಅಮೀನಗಡದ ದಾರಿಯಲ್ಲಿರುವ ಒಂದು ಹಳ್ಳಿ. ಗಂಡ ಹಿಟ್ಟಿನ ಗಿರಣಿ ನಡೆಸುತ್ತಾನೆ, ಎರಡು ಎಕರೆ ಹೊಲವಿದೆ. ಪಿ.ಯು.ಸಿ. ಮುಗಿಸಿದ ವರ್ಷವೇ ಮದುವೆಯಾಗಿತ್ತು. ಇದ್ದೊಬ್ಬ ಮಗಳ ಮದುವೆ ಹೋದ ವರ್ಷ ಆಯಿತು. ಈಗ ಬಿ.ಎ. ಯಾಕೆಂದು ಕೇಳಿದ್ದಕ್ಕೆ ಆಕೆ ಕೊಟ್ಟ ಕಾರಣ ಹೀಗಿತ್ತು.

"ಮಗಳ ಲಗ್ನಪತ್ರಿಕಿ ಅಚ್ಚ ಹಾಕ್ಸಿದ್ವಿರಿ. ಬೀಗತಿ ಹೆಸರಿನ ಮುಂದ ಬಿ.ಎ. ಅಂತ ಇತ್ತು. ನನ್ನ ಹೆಸರಿನ ಮುಂದ ಒಂದ ಚುಕ್ಕಿ ಇತ್ತು. ಮುಂದ ಮೊಮ್ಮಕ್ಕಳ ಜಾವಳದ ಪತ್ರಿಕಿ ಮಾಡಸ್ತಾರಲ್ರಿ, ಅಷ್ಟರೊಳಗ ಆ ಚುಕ್ಕಿ ಜಾಗಾಕ ಏನರ ಬರ್ಲಿ ಅಂತ."

ಇಡೀ ತರಗತಿ ನಕ್ಕಿತು. ಆಕೆಯೂ ನಕ್ಕಳು. ಆದರೆ ಹಾಜರಿ ಕೂಗುವಾಗ ಅವಳ ಹೆಸರು ಬಂದಾಗ "ಹಾಜರ್ ರಿ" ಎಂದ ದನಿ ಸ್ವಲ್ಪ ನಡುಗಿತು. ಲಗ್ನಪತ್ರಿಕೆಯೊಂದೇ ಕಾರಣವಲ್ಲವೆಂದು ನನಗೆ ಅನ್ನಿಸಿತು.

ಮಲ್ಲುವಿನ ಗುಂಪು ಎರಡೇ ದಿನದಲ್ಲಿ ಆಕೆಗೆ ನೀಲಕ್ಕ ಎಂದು ಹೆಸರಿಟ್ಟಿತು. ಆಕೆ ಬಂದ ಮೇಲೆ ತರಗತಿಯಲ್ಲಾದ ಬದಲಾವಣೆಯನ್ನು ನನ್ನ ಹಲಗೆಯಾಗಲೀ ರಿಜಿಸ್ಟರಾಗಲೀ ಮಾಡಲು ಆಗಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾವನಾದರೂ ಕೆಟ್ಟ ಮಾತು ಆಡಿದರೆ ನೀಲಕ್ಕ ತಿರುಗಿ, "ತಮ್ಮಾ, ಮುಂಜಾನೆ ಬಾಯಿ ತೊಳಕೊಂಡ ಬಂದಿ ಇಲ್ಲೋ?" ಎನ್ನುತ್ತಿದ್ದಳು. ಅಷ್ಟೇ. ಆಕೆಯ ಚೀಲದಲ್ಲಿ ಸೂಜಿದಾರ ಸದಾ ಇರುತ್ತಿತ್ತು. ಗುಂಡಿ ಹರಿದ ಹುಡುಗರು ಮಧ್ಯಾಹ್ನ ಊಟದ ಹೊತ್ತಿಗೆ ಸಾಲಾಗಿ ಬಂದು ನಿಲ್ಲುತ್ತಿದ್ದರು. ಅಂಗಿ ಮೈಮೇಲಿದ್ದ ಹಾಗೆಯೇ ಗುಂಡಿ ಹಚ್ಚಿ, ದಾರವನ್ನು ಹಲ್ಲಿನಿಂದ ಕಡಿದು, "ಮುಂದಿನಾವ ಬಾ" ಎನ್ನುವಳು. ಒಂದು ದಿನ ಮಲ್ಲುವಿನ ಹರಿದ ಜೀನ್ಸಿನ ಮೊಣಕಾಲಿಗೂ ತೇಪೆ ಹಾಕಿಬಿಟ್ಟಳು. "ಅಕ್ಕಾ, ಅದು ಫ್ಯಾಷನ್ ಬೇ!" ಎಂದು ಅವನು ಚೀರಿದರೂ ಬಿಡಲಿಲ್ಲ. "ಫ್ಯಾಷನ್ ಇರ್ಲಿ, ಸೊಳ್ಳಿ ಕಡೀತಾವು" ಎಂದಳು.

ಒಮ್ಮೆ ಪಾಠದಲ್ಲಿ ಹಗೇವು ಎಂಬ ಶಬ್ದ ಬಂತು. "ಕಾಳು ಇಡಾಕ ನೆಲದಾಗ ತೋಡಿದ ಕುಣಿ" ಎಂದು ಹೇಳಿ ನಾನು ಮುಂದಿನ ಸಾಲಿಗೆ ಹೊರಟಿದ್ದೆ. ನೀಲಕ್ಕ ಕೈ ಎತ್ತಿದಳು.

"ಅಕ್ಕೋರ, ಒಂದ್ ಮಾತ ಹೇಳ್ಲ್ಯಾ? ನಮ್ಮ ಅಂಗಳದಾಗ ಹಗೇವು ಇತ್ತ್ರಿ. ಅದನ್ನ ತೆಗದ ಕೂಡಲೇ ಯಾರೂ ಇಳೀಬಾರದು. ಒಳಗಿನ ಗಾಳಿ ಕೆಟ್ಟಿರ್ತೈತಿ. ನಮ್ಮಜ್ಜ ಮೊದಲ ಹಗ್ಗಕ್ಕ ಕಂದೀಲ ಕಟ್ಟಿ ಇಳಿಬಿಡ್ತಿದ್ದ. ಕಂದೀಲ ಆರಿದ್ರ ಮನಶ್ಯಾನೂ ಆರ್ತಾನ ಅಂತ. ಉರದ್ರ ಆಮ್ಯಾಲ ಇಳಿಯೂದು."

ತರಗತಿಯಲ್ಲಿ ಒಬ್ಬನೂ ಮೊಬೈಲು ನೋಡುತ್ತಿರಲಿಲ್ಲ. ಇಪ್ಪತ್ತೈದು ವರ್ಷ ಪಾಠ ಮಾಡಿದ್ದೇನೆ; ಅಂಥ ನಿಶ್ಶಬ್ದ ನನ್ನ ಪಾಠಕ್ಕೆ ಸಿಕ್ಕದ್ದು ಎಷ್ಟು ಸಲ ಎಂದು ಕೇಳಬೇಡಿ.

ಹೊಸಬರಿಗೆ ಸಮವಸ್ತ್ರ ಹೊಲಿಸಿಕೊಳ್ಳಲು ಒಂದು ತಿಂಗಳ ಅವಕಾಶವಿತ್ತು. ಆ ತಿಂಗಳು ಬೆಲ್ಟೊಂದನ್ನು ಬಿಟ್ಟರೆ ಯಾರ ಬಟ್ಟೆಯನ್ನೂ ಯಾರೂ ಕೇಳಲಿಲ್ಲ. ಅವಧಿ ಮುಗಿದ ಸೋಮವಾರ ಎಪ್ಪತ್ತು ಜನ ನೀಲಿಯಲ್ಲಿ ಬಂದರು, ನಡುವೆ ಒಂದು ಹಸಿರು ಸೀರೆ. ನಾನು ರಿಜಿಸ್ಟರಿನಲ್ಲಿ ತಲೆ ಹುದುಗಿಸಿ ನೋಡದವಳಂತೆ ನಿಂತೆ. ಮಂಗಳವಾರವೂ ಹಾಗೆಯೇ ನಿಂತೆ. ಬುಧವಾರ ಮಲ್ಲು ಜೀನ್ಸಿನಲ್ಲಿ ಬಂದ. ತಡೆದೆ.

"ಮೇಡಮ್, ನೀಲಕ್ಕಗ ಸೀರಿ ನಡೀತೈತಿ ಅಂದ್ರ ನನಗ ಜೀನ್ಸ್ ಯಾಕ ನಡ್ಯಾಂಗಿಲ್ರಿ?"

ಅಷ್ಟರಲ್ಲಿ ಪ್ರಾಂಶುಪಾಲರು ಹಿಂದೆ ಬಂದು ನಿಂತಿದ್ದರು. ನನ್ನನ್ನು ಕೋಣೆಗೆ ಕರೆದರು.

"ನಿಯಮ ಅಂದ್ರ ನಿಯಮ ರಿ ಮೇಡಮ್. ಒಬ್ಬರನ್ನ ಬಿಟ್ರ ನಾಳೆ ಮುನ್ನೂರು ಹುಡುಗ್ಯಾರು ಸೀರಿ ಉಟ್ಟ ಬರ್ತಾರ."

"ಬರಾಂಗಿಲ್ರಿ ಸರ್. ಈಗಿನ ಹುಡುಗ್ಯಾರಿಗೆ ಸೀರಿ ಉಡಾಕ ಒಂದ್ ತಾಸು ಬೇಕು, ಬಸ್ ತಪ್ತೈತಿ."

"ನೀವು ಹೇಳ್ರಿ ಅವರಿಗೆ. ಹೆಂಗಸರ ವಿಷಯ, ನಾ ಹೇಳಿದ್ರ ಚೆಂದ ಕಾಣಾಂಗಿಲ್ಲ."

ಹೀಗೆ ಅದು ನನ್ನ ತಲೆಗೆ ಬಂತು. ಮಧ್ಯಾಹ್ನ ಬೇವಿನ ಮರದ ಕೆಳಗೆ ನೀಲಕ್ಕನನ್ನು ಕರೆದು ಕೂರಿಸಿಕೊಂಡೆ. ಮೊದಲು ಮಳೆಯ ವಿಷಯ ಮಾತಾಡಿದೆ, ಆಮೇಲೆ ಜೋಳದ ವಿಷಯ, ಆಮೇಲೆ ಮಗಳ ವಿಷಯ. ಆಕೆಯೇ ನನ್ನನ್ನು ಪಾರು ಮಾಡಿದಳು.

"ಡ್ರೆಸ್ಸಿಂದ ಏನ್ರಿ ಅಕ್ಕೋರ?"

"ಹೌದ್ರಿ."

"ಅರಿವಿ ನಾನೂ ಒಯ್ದೇನಿ ರಿ, ಎಲ್ಲಾರ ಜೋಡಿ. ನನ್ನ ಮಷಿನ್ ಐತಿ, ನಾನ ಹೊಲದೇನಿ. ಟ್ರಂಕಿನಾಗ ಐತಿ." ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆದ್ರ ತೊಟ್ಕೊಂಡ ಮನಿ ಹೊರಗ ಹೆಂಗ ಬರ್ಲ್ರಿ? ಬಸ್ ನಿಂದ್ರೂ ಕಟ್ಟಿ ಮ್ಯಾಲ ನಮ್ಮ ಮಾವಾರು ಕುಂತಿರ್ತಾರ. ಇಪ್ಪತ್ತ್ ವರ್ಷದ ಮ್ಯಾಲಾತು, ಅವರ ಮುಂದ ತಲಿ ಮ್ಯಾಲಿನ ಸೆರಗ ಜಾರಿಸಿಲ್ಲ. ಪೈಜಾಮಾ ತೊಟ್ಕೊಂಡ ಅವರ ಮುಂದ ಹೆಂಗ ಹಾದ ಬರ್ಲಿ?"

"ಅವರೇನರ ಅಂತಾರೇನು?"

"ಅವರ ಜೋಡಿ ನಾ ಮಾತಾಡಾಂಗಿಲ್ರಿ. ಏನ್ ಬೇಕು ಅದನ್ನ ಅತ್ತಿ ಮುಂದ ಹೇಳ್ತಿದ್ನಿ. ಅತ್ತಿ ಹೋಗಿ ಮೂರ ವರ್ಷ ಆತು."

ನಾನು ಏನು ಹೇಳಬೇಕಿತ್ತು? "ನೀವು ಸೀರೆಯಲ್ಲೇ ಬನ್ನಿ, ನಾನು ನೋಡಿಕೊಳ್ಳುತ್ತೇನೆ" ಎನ್ನಬೇಕಿತ್ತು. ನಾನು ಹೇಳಿದ್ದು, "ವಿಚಾರ ಮಾಡ್ರಿ, ನೋಡೂಣಂತ." ಸಮಿತಿಗಳಲ್ಲಿ ಕೆಲಸ ಮಾಡಿದವರಿಗೆ ಈ ಮಾತು ಬಾಯಿಪಾಠವಾಗಿರುತ್ತದೆ.

ಗುರುವಾರ ನೀಲಕ್ಕ ಬರಲಿಲ್ಲ. ಶುಕ್ರವಾರ ಬರಲಿಲ್ಲ. ಶನಿವಾರವೂ ಇಲ್ಲ. ಮುಂದಿನ ವಾರ ಪೂರ್ತಿ ಅವಳ ಹೆಸರು ಕೂಗಿದಾಗ ತರಗತಿ ಸುಮ್ಮನಿರುತ್ತಿತ್ತು, ನಾನು ಬೇಗ ಬೇಗ ಮುಂದಿನ ಹೆಸರಿಗೆ ಹೋಗುತ್ತಿದ್ದೆ. ಮೂರನೆಯ ಬೆಂಚಿನ ತುದಿಯಲ್ಲಿ ಯಾರೂ ಕೂಡುತ್ತಿರಲಿಲ್ಲ. ಗುಂಡಿ ಹರಿದ ಹುಡುಗರು ನನ್ನ ಹತ್ತಿರವೇ ಬಂದು ಪಿನ್ನು ಕೇಳತೊಡಗಿದರು. ನನ್ನ ಚೀಲದಲ್ಲಿ ಆ ಸರ ಬೆಳೆದದ್ದು ಆಗಲೇ. ಗೇಟಿನಲ್ಲಿ ನಿಂತಾಗಲೆಲ್ಲ ನನ್ನ ಓಣಿ ನೆನಪಾಗುತ್ತಿತ್ತು. ಅಂದು ಕಿಟಕಿಯಲ್ಲಿ ಇಣುಕಿದ ಕಣ್ಣುಗಳನ್ನು ನಾನು ಇಷ್ಟು ವರ್ಷ ಬೈಯುತ್ತ ಬಂದಿದ್ದೆ. ಈಗ ಅದೇ ಕೆಲಸವನ್ನು ಸರಕಾರಿ ಸಮಯದಲ್ಲಿ, ರಿಜಿಸ್ಟರು ಹಿಡಿದು, ಸಂಬಳ ತಗೊಂಡು ಮಾಡುತ್ತಿದ್ದೆ.

ಆ ವಾರದ ಗುರುವಾರ ಮಲ್ಲು ಒಂದು ಹಾಳೆ ಹಿಡಿದು ಸಿಬ್ಬಂದಿ ಕೋಣೆಗೆ ಬಂದ.

"ಮೇಡಮ್, ಪ್ರಿನ್ಸಿಪಾಲರಿಗೆ ಅರ್ಜಿ ಬರದೇವ್ರಿ. ಕನ್ನಡಾ ತಪ್ಪಿದ್ರ ಸ್ವಲ್ಪ ನೋಡ್ರಿ."

ಓದಿದೆ. ನೀಲಕ್ಕನಿಗೆ ಸೀರೆ ಉಡಲು ಅನುಮತಿ ಕೊಡಬೇಕು. ಶಿಸ್ತು ಸಮಿತಿಯ ಸಂಚಾಲಕಿಯವರು ಅವರ ಮನಸ್ಸು ನೋಯಿಸಿದ್ದಾರೆ. ಸದರಿ ಸಂಚಾಲಕಿಯವರ ಮೇಲೆ ಸೂಕ್ತ ಕ್ರಮ ಜರುಗಿಸಬೇಕು. ಕೆಳಗೆ ಎಪ್ಪತ್ತು ಸಹಿ.

"ಇದರಾಗ ನನ್ನ ಮ್ಯಾಲ ಕ್ರಮ ತಗೋರಿ ಅಂತ ಬರದೀರಿ."

"ಹೌದ್ರಿ. ನಿಮ್ಮ ಬಗ್ಗೆ ಸಿಟ್ಟೇನಿಲ್ರಿ ಮೇಡಮ್. ಅರ್ಜಿ ಅಂದ್ಮ್ಯಾಲ ಯಾರದರ ಮ್ಯಾಲ ಬರೀಬೇಕಲ್ರಿ."

'ಸೂಕ್ತ' ಎಂಬುದಕ್ಕೆ 'ಸುಕ್ತ' ಎಂದು ಬರೆದಿದ್ದ, 'ಕ್ರಮ'ಕ್ಕೆ 'ಕರ್ಮ' ಎಂದು. ಸದರಿ ಸಂಚಾಲಕಿಯವರ ಮೇಲೆ ಸುಕ್ತ ಕರ್ಮ ಜರುಗಿಸಬೇಕು! ಕೆಂಪು ಪೆನ್ನು ತೆಗೆದು ಒಟ್ಟು ಹದಿನಾಲ್ಕು ತಪ್ಪು ತಿದ್ದಿದೆ. ನನ್ನ ಮೇಲಿನ ದೂರನ್ನು ನಾನೇ ತಿದ್ದಿ, ಶುದ್ಧಪ್ರತಿ ಮಾಡಿಸಿ, ಕಡೆಗೆ ಎಪ್ಪತ್ತೊಂದನೆಯ ಸಹಿಯನ್ನೂ ಹಾಕಿ ಕಳಿಸಿದೆ. ಅದನ್ನು ಕಂಡು ಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸಿಕೊಂಡರು.

"ನೀವೂ ಸಹಿ ಹಾಕೀರಲ್ರಿ ಮೇಡಮ್!"

"ದೂರು ಖರೆ ಐತ್ರಿ ಸರ್," ಎಂದೆ. "ನಾನ ಓದೇನಿ."

"ನೋಡೂಣಂತ," ಎಂದರು.

ಸೋಮವಾರ ಬೆಳಿಗ್ಗೆ ನಾನು ಗೇಟಿನಲ್ಲಿದ್ದೆ. ಅಮೀನಗಡದ ಕಡೆಯ ಬಸ್ಸು ಬಂದು ನಿಂತಿತು. ಮೊದಲು ಒಂದು ಕೋಲು ಇಳಿಯಿತು, ಅದರ ಹಿಂದೆ ಬಿಳಿ ಪಟಗ ಸುತ್ತಿ ಧೋತರ ಉಟ್ಟ ಎತ್ತರದ ಮುದುಕರೊಬ್ಬರು ಇಳಿದರು. ಅವರ ಹಿಂದೆ ಆಕಾಶನೀಲಿ ಟಾಪು, ಕಡುನೀಲಿ ಪ್ಯಾಂಟು ತೊಟ್ಟು, ವೇಲನ್ನು ತಲೆಯ ಮೇಲೆ ಹೊದ್ದು, ನೆಲ ನೋಡುತ್ತ ಒಬ್ಬ ವಿದ್ಯಾರ್ಥಿನಿ. ಮೊದಲು ಗುರುತು ಹಿಡಿದವನು ಗೋಡೆಯ ಮೇಲೆ ಕೂತಿದ್ದ ಮಲ್ಲು.

"ಲೇ, ನೀಲಕ್ಕಲೇ!"

ಮಾವನೇ ಬಂದಿದ್ದಾರೆ. ಸೊಸೆಯ ಮಾನ ಕಳೆದವರು ಯಾರೆಂದು ಕೇಳಲು ಬಂದಿರಬೇಕು. ಮುದುಕರು ನೇರ ನನ್ನೆದುರು ಬಂದು ನಿಂತರು.

"ಇಲ್ಲಿ ಶಿಸ್ತಿನ ಅಕ್ಕೋರ ಅಂದ್ರ ಯಾರ್ರಿ?"

"ನಾನ ರಿ, ಯಜಮಾನ್ರ."

"ನಮಸ್ಕಾರ್ರಿ. ಈಕಿ ನಮ್ಮ ಸೊಸಿ. ಒಂಬತ್ತ ದಿನ ಸಾಲಿ ತಪ್ಪಿಸ್ಯಾಳ." ಅವರ ದನಿ ಬೀದಿಯಾಚೆ ಕೇಳುವಂತಿತ್ತು. "ಹಾಜರಿ ಹೋಗೇತೇನು? ಪರೀಕ್ಷಾಕ ಕುಂಡ್ರಸ್ತೀರೋ ಇಲ್ಲೋ, ಅಷ್ಟ ಹೇಳ್ರಿ."

"ಹಾಜರಿದು ಏನೂ ಅಡ್ಡಿ ಇಲ್ರಿ. ಆದ್ರ ಇವರು ನಿಮ್ಮ ಸಲುವಾಗಿ..."

"ಗೊತ್ತಾತ್ರಿ. ನಿನ್ನಿ ನಾ ಟ್ರಂಕಿನಾಗ ನನ್ನ ಶಾಲು ಹುಡುಕಾಕ ಹತ್ತಿದ್ನಿ. ಈ ಅರಿವಿ ಸಿಕ್ತು. ಯಾರದವ್ವಾ ಇದು ಅಂದ್ನಿ. ಅಳಾಕ ಹತ್ತಿದಳು. ನಾ ಕಟ್ಟಿ ಮ್ಯಾಲ ಕುಂಡ್ರತೇನಿ ಅಂತ ಈಕಿ ಸಾಲಿ ಬಿಟ್ಟಾಳಂತ!" ಕೋಲಿನಿಂದ ನೆಲ ಕುಟ್ಟಿದರು. "ನನ್ನ ಯಾರರ ಕೇಳಿದ್ರೇನು? ಈಕಿ ಕೇಳಿಲ್ಲ, ನನ್ನ ಮಗ ಕೇಳಿಲ್ಲ, ನೀವೂ ಕೇಳಿಲ್ಲ. ಎಲ್ಲಾರೂ ಕೂಡಿ ನಾ ಬ್ಯಾಡ ಅಂತೇನಿ ಅಂತ ಠರಾಯಿಸಿಬಿಟ್ರಿ."

ನೀಲಕ್ಕ ವೇಲಿನೊಳಗಿನಿಂದ ನನ್ನನ್ನು ನೋಡಿ ಮತ್ತೆ ನೆಲ ನೋಡಿದಳು.

"ಹತ್ತಿ ಬಿಡಸಾಕ ಹೋಗಾಗ ಈಕಿ ನನ್ನ ಮಗನ ತುಂಬ ತೋಳಿನ ಅಂಗಿ ತೊಟ್ಕೊಂಡ ಹೋಗ್ತಾಳ್ರಿ. ತಲಿಗಿ ಟಾವೆಲ್ ಸುತ್ಕೊಂಡಿರ್ತಾಳ. ನಮ್ಮೂರ ಹೆಣಮಕ್ಕಳೆಲ್ಲಾ ಹಂಗ ಹೋಗ್ತಾರ. ಅವಾಗ ಯಾರೂ ಏನೂ ಅಂದಿಲ್ಲ. ಹೊಲಕ್ಕ ಹೊಲದ ಅಂಗಿ, ಸಾಲಿಗಿ ಸಾಲಿ ಅಂಗಿ. ಇದರಾಗ ನಾಚೂದೇನೈತಿ?"

ಆಮೇಲೆ ಅವರು ನನ್ನ ಸೀರೆಯನ್ನು ಅಂಚಿನಿಂದ ಸೆರಗಿನವರೆಗೆ ಒಮ್ಮೆ ನೋಡಿದರು.

"ಅಲ್ರಿ ಅಕ್ಕೋರ, ನೀವ್ಯಾಕ ಸೀರಿ ಉಟ್ಟೀರಿ? ನಿಮಗ ಅರಿವಿ ಕೊಟ್ಟಿಲ್ಲೇನು?"

ಗೋಡೆಯ ಮೇಲಿದ್ದವರೆಲ್ಲ ಒಮ್ಮೆಲೇ ಕೆಮ್ಮತೊಡಗಿದರು. ನಾನು ರಿಜಿಸ್ಟರು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡೆ. ಮುದುಕರಿಗೆ ಚಹಾ ಕುಡಿಸಿ ವಾಪಸು ಬಸ್ಸು ಹತ್ತಿಸಿದ್ದು ಮಲ್ಲು. ಹೋಗುವಾಗ ಅವನ ತೇಪೆ ಹಾಕಿದ ಜೀನ್ಸು ಕಂಡು ಅವರು, "ಪಾಪ, ಬಡವರ ಹುಡುಗ, ಆದ್ರೂ ಓದಾಕ ಹತ್ಯಾನ" ಎಂದು ಅವನ ತಲೆ ಸವರಿದರಂತೆ.

ಅಂದು ಮೂರನೆಯ ಪಿರಿಯಡ್ಡಿನಲ್ಲಿ ನಾನು ಪಾಠ ಮಾಡುತ್ತಿದ್ದಾಗ ಜವಾನ ನೋಟಿಸಿನ ಪುಸ್ತಕ ತಂದ. ಹಸಿರು ಶಾಯಿಯಲ್ಲಿ ಪ್ರಾಂಶುಪಾಲರ ಸಹಿ. ಓದಿದೆ: ವಿದ್ಯಾರ್ಥಿಗಳ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ವಿವಾಹಿತ ವಿದ್ಯಾರ್ಥಿನಿಯರಿಗೆ ಸೀರೆ ಉಡಲು ಇಂದಿನಿಂದ ವಿನಾಯಿತಿ ನೀಡಲಾಗಿದೆ.

ಎಪ್ಪತ್ತು ತಲೆ ಮೂರನೆಯ ಬೆಂಚಿನ ಕಡೆ ತಿರುಗಿದವು. ನೀಲಕ್ಕ ಎದ್ದು ನಿಂತಳು.

"ನನಗ ಬ್ಯಾಡ್ರಿ ಅಕ್ಕೋರ."

"ಯಾಕ್ರಿ?"

"ಇಷ್ಟ ಹೊಲದೇನಿ, ಸುಮ್ನ ಟ್ರಂಕಿನಾಗ ಯಾಕ ಇಡ್ಲಿ? ಮತ್ತ..." ಎಂದು ಟಾಪಿನ ಬದಿಗೆ ಕೈ ಹಾಕಿ ಮೊದಲ ಸಲ ತಲೆ ಎತ್ತಿ ನಕ್ಕಳು. "ಇದಕ್ಕ ಕಿಸೆ ಇಟ್ಟೇನ್ರಿ! ಹುಟ್ಟಿದಾಗಿನಿಂದ ನನಗ ಕಿಸೆ ಅನ್ನೂದ ಇರಲಿಲ್ಲ."

ಕಿಸೆಯಿಂದ ಒಂದೊಂದೇ ತೆಗೆದು ಬೆಂಚಿನ ಮೇಲಿಟ್ಟಳು. ಸೂಜಿದಾರ, ಮೋಟು ಪೆನ್ಸಿಲು, ಮನೆಯ ಕೀಲಿಕೈ, ಒಂದು ಹಿಡಿ ಹುರಿದ ಶೇಂಗಾ. ಹುಡುಗಿಯರೆಲ್ಲ ತಮ್ಮ ತಮ್ಮ ಟಾಪು ಮುಟ್ಟಿ ನೋಡಿಕೊಂಡರು. ಅವರ ದರ್ಜಿಗಳು ಯಾರಿಗೂ ಕಿಸೆ ಇಟ್ಟಿರಲಿಲ್ಲ. ಆ ವಾರವೇ ಅರ್ಧ ತರಗತಿಗೆ ನೀಲಕ್ಕ ಕಿಸೆ ಹಚ್ಚಿಕೊಟ್ಟಳು.

ಪ್ರಾಂಶುಪಾಲರಿಗೆ ಸುದ್ದಿ ಹೇಳಿದಾಗ ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. "ಪಾಲಿಸ್ರಿ ಅಂದ್ರ ಪಾಲಿಸಲಿಲ್ಲ. ಬಿಟ್ಟೇವಿ ಅಂದ್ರ ಪಾಲಿಸ್ತಾರ. ನನಗ ಈ ಕಾಲೇಜ ತಿಳಿಯಾಂಗಿಲ್ಲ ನೋಡ್ರಿ." ಬಾಗಿಲಲ್ಲಿ ಮಲ್ಲು ನಿಂತಿದ್ದ. ಆ ನೋಟಿಸಿನಲ್ಲಿ ಜೀನ್ಸಿನ ಬಗ್ಗೆ ಏನಾದರೂ ಇದೆಯೇ ಎಂದು ವಿನಯದಿಂದ ಕೇಳಿದ. ಇರಲಿಲ್ಲ.

ಸಂಜೆ ನಾಲ್ಕೂವರೆಗೆ ನಾನೂ ನೀಲಕ್ಕನೂ ಒಟ್ಟಿಗೆ ಗೇಟಿನಿಂದ ಹೊರಬಿದ್ದೆವು. ಅವಳ ಊರಿನ ಬಸ್ಸು ಸರಿಯಾಗಿ ನಾಲ್ಕೂವರೆಗೇ ಹೊರಡುತ್ತದೆ. ಸೀರೆಯ ದಿನಗಳಲ್ಲಿ ಆಕೆ ಕೊನೆಯ ಪಿರಿಯಡ್ಡು ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದಳು, ಇಲ್ಲವೇ ಆರರ ಬಸ್ಸಿಗೆ ಕಾಯುತ್ತಿದ್ದಳು. ನಾವು ರಸ್ತೆಗೆ ಬರುವಾಗ ಬಸ್ಸು ನಿಲ್ದಾಣದಿಂದ ಹೊರಗೆ ತಿರುಗುತ್ತಿತ್ತು.

"ಹೋತ್ರಿ," ಎಂದೆ ನಾನು.

ನೀಲಕ್ಕ ಒಮ್ಮೆ ಬಸ್ಸು ನೋಡಿದಳು, ಒಮ್ಮೆ ತನ್ನ ಕಾಲು ನೋಡಿಕೊಂಡಳು. ಚೀಲವನ್ನು ಹೆಗಲಿಗೆ ಏರಿಸಿದಳು. ಆಮೇಲೆ ಓಡಿದಳು. ಮೊದಲ ನಾಲ್ಕು ಹೆಜ್ಜೆ ನಿರಿಗೆ ಹಿಡಿಯುವವಳಂತೆ ಒಂದು ಕೈ ಮುಂದೆ ಇತ್ತು. ಅಲ್ಲಿ ಹಿಡಿಯಲು ಏನೂ ಇಲ್ಲವೆಂದು ತಿಳಿದ ಮೇಲೆ ಆ ಕೈಯನ್ನೂ ಬಿಟ್ಟಳು. ತಲೆಯ ಮೇಲಿನ ವೇಲು ಹಾರಿ ಬೆನ್ನಿಗೆ ಬಿತ್ತು. ಹೆರಳು ಬಿಚ್ಚಿತು. ಚಹಾದಂಗಡಿಯವನು ಕೈಯಲ್ಲಿ ಕೆಟಲಿ ಹಿಡಿದೇ ನಿಂತ. ಗೋಡೆಯ ಮೇಲಿನ ಹುಡುಗರೆಲ್ಲ ಎದ್ದು "ಓಡ ನೀಲಕ್ಕಾ, ಓಡ! ಹೋಲ್ಡಾನ್ ರೀ, ಹೋಲ್ಡಾನ್!" ಎಂದು ಕೂಗತೊಡಗಿದರು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ನೋಡಿ ಸೀಟಿ ಊದಿದ.

"ಏ ಹುಡುಗೀ, ಸಾವಕಾಶ ಬಾರವ್ವಾ, ಬೀಳ್ತಿ!"

ಬಸ್ಸು ನಿಧಾನವಾಯಿತು. ನೀಲಕ್ಕ ಸರಳು ಹಿಡಿದು ಜಿಗಿದು ಮೆಟ್ಟಿಲು ಹತ್ತಿದಳು. ಅಲ್ಲಿಂದಲೇ ಹೊರಗೆ ಬಾಗಿ, ಕೂದಲು ಮುಖಕ್ಕೆ ಹಾರುತ್ತಿರಲು, ಏದುಸಿರಿನ ನಡುವೆ ನಗುತ್ತ ಕೂಗಿದಳು.

"ಅಕ್ಕೋರ! ನನಗ ಹುಡುಗಿ ಅಂದ್ನ್ರೀ!"